ಕೊಳೆ ಬರುವ ಮೊದಲೇ ಮದ್ದು

"ಮಳೆ ಹೊಳವಾಗಿ ಹತ್ತು ದಿನ ಆತು ತಮಾ, ಆಷಾಢದಲ್ಲೂ ಸೆಕೆ!" ಶಿರಸಿಯಿಂದ ಫೋನ್ ಮಾಡಿದ ಅಪ್ಪಯ್ಯನಿಗೆ ಅಡಿಕೆ ಗೊನೆಯ ಚಿಂತೆ. ಸಿಂಗಾಪುರದಲ್ಲಿದ್ದ ನನಗೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳಲ್ಲಿ ನೀರು ನಿಂತು ಡೆಂಗಿ ಸೊಳ್ಳೆ ಹುಟ್ಟುವ ಚಿಂತೆ.

ಎಡೆಬಿಡದೆ ಸುರಿವ ಜಡಿಮಳೆ ಹಾಳೆ, ಕರಟಗಳಲ್ಲಿನ ಸೊಳ್ಳೆಮರಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಸುರಿದು ಹತ್ತು ದಿನ ಹೊಳವಾದರೆ, ಅಂದರೆ ಬಿಡುವು ಕೊಟ್ಟರೆ, ಅಷ್ಟರಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರಿರುತ್ತದೆ. ಸೆಕೆಯದು ಇನ್ನೊಂದು ಕಾಟ. ಸೊಳ್ಳೆಯ ಹೊಟ್ಟೆ ಸೇರಿದ ಡೆಂಗಿ ವೈರಸ್ ಅದರ ಎಂಜಲಿಗೆ ಬರಲು 25 ಡಿಗ್ರಿಯಲ್ಲಿ ಸುಮಾರು 15 ದಿನ ಬೇಕು, 30 ಡಿಗ್ರಿಯಲ್ಲಿ ಒಂದು ವಾರವೇ ಸಾಕು. ಕೆಲವೇ ವಾರ ಬದುಕುವ ಸೊಳ್ಳೆಗೆ ಆ ಒಂದು ವಾರ ದೊಡ್ಡದು. ಕರಾವಳಿಯ ಕುಮಟಾ, ಕಾರವಾರದ ಸೆಕೆ ಘಟ್ಟದ ಮೇಲಿನ ನಮಗಿಲ್ಲ ಎಂಬ ಧೈರ್ಯ ನನಗೀಗ ಉಳಿದಿಲ್ಲ.

ಇಲ್ಲಿ ಸಿಂಗಾಪುರದಲ್ಲಿ ಜ್ವರ ಬರುವ ಮೊದಲೇ ಅಧಿಕಾರಿಗಳು ಮನೆಗೆ ಬಂದು ಹೂಕುಂಡದ ತಟ್ಟೆಯನ್ನೂ ಎತ್ತಿ ನೋಡುತ್ತಾರೆ. ಮರಿ ಸಿಕ್ಕರೆ 200 ಡಾಲರ್ ದಂಡ. ಆದರೂ 2020ರಲ್ಲಿ 35 ಸಾವಿರಕ್ಕೂ ಹೆಚ್ಚು ಜನರಿಗೆ ಡೆಂಗಿ ಬಂತು. ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಸೇರಿಸಿದ ಗಂಡು ಸೊಳ್ಳೆಗಳನ್ನು 2016ರಿಂದ ಬಿಡುತ್ತಿದ್ದಾರೆ. ಅವುಗಳ ಜೊತೆ ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ಹಾಗಂತ ನಿಂತ ನೀರು ಚೆಲ್ಲುವುದನ್ನು ಯಾರೂ ಬಿಟ್ಟಿಲ್ಲ.

ನಮ್ಮೂರಲ್ಲಿ ನಾಲ್ಕು ಜನ ಜ್ವರದಿಂದ ಮಲಗಿದ ಮೇಲೆ ಫಾಗಿಂಗ್ ಹೊಗೆ ಬರುತ್ತದೆ. ಅದು ಹಾರುವ ಸೊಳ್ಳೆಯನ್ನು ಕೊಲ್ಲುತ್ತದೆ, ನೀರಿನ ಮರಿ ಉಳಿಯುತ್ತದೆ. ಒಣಗಿದ ಹಾಳೆಗೆ ಅಂಟಿದ ಮೊಟ್ಟೆಯಂತೂ ತಿಂಗಳುಗಟ್ಟಲೆ ಮಳೆಗೆ ಕಾಯುತ್ತದೆ. 2024ರ ಸೆಪ್ಟೆಂಬರಿನಲ್ಲಿ ನಮ್ಮ ಸರ್ಕಾರವೂ ದಂಡ ತಂತು, ಹಳ್ಳಿ ಮನೆಗೆ 200 ರೂಪಾಯಿ. ಫ್ಲ್ಯಾಟಿಗೆ ಹೊಂದುವ ದಂಡ ತೋಟಕ್ಕೆ ಹೊಂದದು. ಎರಡು ಎಕರೆಯ ಹಾಳೆಗಳನ್ನು ಯಾವ ಅಧಿಕಾರಿ ಮಗುಚಿ ನೋಡಿಯಾನು?

ಆದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ನಮ್ಮವರು ಹೀಗೆ ಕಾಯುತ್ತಾರೆಯೇ? ಮಳೆ ಹಿಡಿಯುವ ಮೊದಲೇ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮದ್ದು ಹೊಡೆದು, ನಲವತ್ತು ದಿನಕ್ಕೆ ಮತ್ತೆ ಹೊಡೆಯುತ್ತಾರೆ. ಯಾರ ದಂಡದ ಭಯವೂ ಬೇಕಿಲ್ಲ.

ಅಪ್ಪಯ್ಯನಿಗೆ ಅದನ್ನೇ ಹೇಳಿದೆ: ಹೊಳವಾದ ಐದನೇ ದಿನ ಹಾಳೆ ಮಗುಚಿ, ಹಂಡೆ, ಡ್ರಮ್ ತಿಕ್ಕಿ. "ಆಳು ಸಿಗ್ತ್ವಿಲ್ಲೆ" ಅಂದ. ನಿಜ. ಅದಕ್ಕೇ ಮೈಲುತುತ್ತ ಕೊಡುವ ಊರಿನ ಸೊಸೈಟಿಯೇ ಇದನ್ನೂ ಹಿಡಿದುಕೊಳ್ಳಲಿ. ಮದ್ದು ಹೊಡೆಯಲು ಬರುವ ಆಳಿನ ಜೊತೆ ಹಾಳೆ ಹೆಕ್ಕಲು ಒಬ್ಬ ಬಂದರೆ, ಆ ಕೂಲಿಯಲ್ಲಿ ನನ್ನ ಪಾಲು ಇಲ್ಲಿಂದಲೇ ಕಳಿಸುತ್ತೇನೆ.