ಫೋಟೋ ಇಲ್ಲದ ಶಿಖರ

ಬಳ್ಳಾರಿಯಲ್ಲಿ ‘ಹಿಮಾಲಯ ಹತ್ತಿ ಬಂದೆ’ ಅಂದರೆ ಎಲ್ಲರೂ ಕೇಳೋದು ಒಂದೇ, ‘ಫೋಟೋ ಎಲ್ಲಿ?’

ಇಲ್ಲಪ್ಪಾ, ಫೋಟೋ ಇಲ್ಲ. ಉತ್ತರಾಖಂಡದ ಕೇದಾರಕಂಠ, ಸುಮಾರು 12,500 ಅಡಿ. ನಾನು ಹತ್ತಿದ ಮೊದಲ ದೊಡ್ಡ ಶಿಖರ. ನಡುರಾತ್ರಿ ಎದ್ದು, ಕತ್ತಲಲ್ಲೇ ಹಿಮ ತುಳಿಯುತ್ತಾ ಹೊರಟೆವು. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಳ್ಳಬೇಕು. ಬಾಟಲಿಯ ಬಾಯಲ್ಲಿ ನೀರು ಗಟ್ಟಿಯಾಗಿತ್ತು. ತುದಿ ಮುಟ್ಟುವ ಹೊತ್ತಿಗೆ ಸೂರ್ಯ ಬಂದ. ಕೈಗವಸು ಬಿಚ್ಚಿ ಫೋನ್ ತೆಗೆದೆ. ಶೇ 40 ಇದ್ದ ಚಾರ್ಜ್ ಕಣ್ಣೆದುರೇ ಸೊನ್ನೆ! ಚಳಿಗೆ ಬ್ಯಾಟರಿ ಸೋಲುತ್ತದಂತೆ, ಒಳಜೇಬಲ್ಲಿ ಮೈಗೆ ಒತ್ತಿಕೊಂಡು ಇಟ್ಟುಕೊಳ್ಳಬೇಕಿತ್ತಂತೆ. 40 ಡಿಗ್ರಿ ಬಿಸಿಲಿನ ಊರಿನವನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ಫೋನ್ ಕಾದು ಆಫ್ ಆಗೋದೇ ಜಾಸ್ತಿ.

ಈಗ ಸಂಜೆ ಒಗ್ಗರಣೆ ಮಿರ್ಚಿ ಅಂಗಡಿ ಮುಂದೆ ಗೆಳೆಯರ ಕಾಟ. ‘ಬಳ್ಳಾರಿ ಗುಡ್ಡ ಹತ್ತೋಕೇ ಏದುಸಿರು ಬಿಡ್ತಿದ್ದೆ, ಸುಮ್ನೆ ಬುರುಡೆ ಬಿಡಬೇಡ ಲೇ.’ ರೈಲು ಟಿಕೆಟ್ ತೋರಿಸಿದೆ. ‘ಇದು ದಿಲ್ಲಿವರೆಗೆ ಅಲ್ವಾ?’ ಅಂದರು. ಕೊನೆಗೆ ಚಪ್ಪಲಿ ಬಿಟ್ಟು, ಇಳಿಯುವಾಗ ಬೂಟಿಗೆ ಒತ್ತಿ ಕಪ್ಪಾದ ಹೆಬ್ಬೆರಳ ಉಗುರು ತೋರಿಸಿದೆ.

‘ಬೈಕ್ ಸ್ಟ್ಯಾಂಡ್ ಬಡಿದಿರಬೇಕು’ ಅಂದ ಒಬ್ಬ, ಮಿರ್ಚಿ ಕಡಿಯುತ್ತಾ.