ನಾಲ್ಕು ಬಣ್ಣದ ಬೆಕ್ಕು

ಹಳೇ ಕಂಪ್ಯೂಟರ್ ಗೇಮ್ ಅಂದ ಕೂಡಲೇ ಜನ ಪ್ರಿನ್ಸ್ ಆಫ್ ಪರ್ಷಿಯಾ, ಡೇವ್ ಅಂತ ಶುರು ಮಾಡುತ್ತಾರೆ. ಮಾಡಲಿ, ಬೇಡ ಅನ್ನುವುದಿಲ್ಲ. ಆ ರಾಜಕುಮಾರನಿಗೆ ಅಭಿಮಾನಿಗಳೇನು ಕಡಿಮೆಯೇ? ನನಗೆ ಮಾತ್ರ ಅದೇ ಫ್ಲಾಪಿಯ ಮೂಲೆಯಲ್ಲಿ ಮುದುರಿಕೊಂಡಿದ್ದ ಪುಟಾಣಿ ಆಟಗಳ ಮೇಲೆ ಪ್ರೀತಿ ಜಾಸ್ತಿ. ಪ್ಯಾರಾಟ್ರೂಪರ್, ಆಲಿ ಕ್ಯಾಟ್, ಡಿಗ್ಗರ್, ಸ್ಕೈರೋಡ್ಸ್. ಹೆಸರು ಹೇಳಿದರೆ ಹತ್ತು ಜನರಲ್ಲಿ ಎಂಟು ಜನ ಹುಬ್ಬೇರಿಸುತ್ತಾರೆ. ಉಳಿದಿಬ್ಬರು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ.

ತೊಂಬತ್ತರ ದಶಕದಲ್ಲಿ ಇವನ್ನು ಯಾರೂ ಅಂಗಡಿಯಲ್ಲಿ ಕೊಂಡದ್ದು ನಾನಂತೂ ನೋಡಿಲ್ಲ. ಫ್ಲಾಪಿಯಿಂದ ಫ್ಲಾಪಿಗೆ ದಾಟಿಕೊಂಡು ಬರುತ್ತಿದ್ದವು. ಕಂಪ್ಯೂಟರ್ ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಏಸಿ ರೂಮಿನ ಚಳಿಯಲ್ಲಿ ಕೂತು, ಮೇಷ್ಟ್ರು ಆ ಕಡೆ ತಿರುಗಿದಾಗ ಆಡುವುದು. ಆಟಕ್ಕೆ ಡಬ್ಬಿ ಇಲ್ಲ, ಕೈಪಿಡಿ ಇಲ್ಲ. ಯಾವ ಕೀ ಒತ್ತಿದರೆ ಏನಾಗುತ್ತದೆ ಅನ್ನುವುದನ್ನು ಪಕ್ಕದವನು ಹೇಳಬೇಕು, ಅವನಿಗೆ ಅವನ ಪಕ್ಕದವನು ಹೇಳಿರಬೇಕು. ಮಾಡಿದವರು ಯಾರು ಅಂತ ಯಾರೂ ಕೇಳಿದ್ದಿಲ್ಲ. ಮಳೆ ಯಾರು ಮಾಡಿದ್ದು ಅಂತ ಕೇಳುತ್ತೇವಾ? ಹಾಗೆ.

ಈಗ ಹಳೆಯದನ್ನೆಲ್ಲ ಕಾಪಿಡುವ ಇಂಟರ್ನೆಟ್ ಆರ್ಕೈವ್ ಅನ್ನುವ ವೆಬ್‌ಸೈಟಿಗೆ ಹೋದರೆ, ವಿಂಡೋಸ್‌ಗಿಂತ ಮುಂಚಿನ ಡಾಸ್ ಕಾಲದ ಸಾವಿರಾರು ಆಟಗಳು ಬ್ರೌಸರಿನಲ್ಲೇ ಓಡುತ್ತವೆ. ಆಡಿ ನೋಡಿದೆ. ಆಟ ಹಾಗೇ ಇದೆ. ಹೊಸದಾಗಿ ಸಿಕ್ಕಿದ್ದು ಅದರ ಹಿಂದಿನ ಮನುಷ್ಯರು.

ಪ್ಯಾರಾಟ್ರೂಪರ್ ತಗೊಳ್ಳಿ. ಕೆಳಗೆ ಮಧ್ಯದಲ್ಲಿ ಒಂದು ಫಿರಂಗಿ. ಮೇಲೆ ಹೆಲಿಕಾಪ್ಟರುಗಳು ಬಂದು ಸೈನಿಕರನ್ನು ಉದುರಿಸುತ್ತವೆ. ಒಂದೇ ಕಡೆ ನಾಲ್ಕು ಜನ ಇಳಿದರೆ ನಿಮ್ಮ ಕಥೆ ಮುಗೀತು. ಒಬ್ಬರ ಮೇಲೊಬ್ಬರು ಹತ್ತಿ ಬಂದು ಫಿರಂಗಿಯನ್ನೇ ಸ್ಫೋಟಿಸುತ್ತಾರೆ. ದಹಿಹಂಡಿಯ ಹುಡುಗರ ಹಾಗೆ ಅವರು ಹತ್ತುವುದನ್ನು ಕೈಕಟ್ಟಿ ನೋಡಬೇಕು, ಬೇರೇನೂ ಮಾಡುವಂತಿಲ್ಲ. ಒಬ್ಬನ ಪ್ಯಾರಾಚೂಟಿಗೆ ಮಾತ್ರ ಗುಂಡು ತಾಗಿಸಿದರೆ ಅವನು ದೊಪ್ಪನೆ ಬೀಳುತ್ತಾನೆ. ಕೆಳಗೆ ಆಗಲೇ ನಿಂತವನ ತಲೆ ಮೇಲೆ ಬಿದ್ದರೆ ಇಬ್ಬರೂ ಢಮಾರ್. ಈ ಉಪಾಯ ಗೊತ್ತಿದ್ದವನಿಗೆ ನಮ್ಮ ಕ್ಲಾಸಿನಲ್ಲಿ ಬೇರೆಯೇ ಮರ್ಯಾದೆ ಇತ್ತು.

ಇದನ್ನು 1982ರಲ್ಲಿ ಬರೆದವರು ಗ್ರೆಗ್ ಕೂಪರ್‌ಬರ್ಗ್. ಆಗ ಅವರಿಗೆ ಇನ್ನೂ ಮೀಸೆ ಮೂಡುವ ವಯಸ್ಸು. ಆಪಲ್ ಟೂ ಕಂಪ್ಯೂಟರಿನಲ್ಲಿ ಇದೇ ಥರದ ಇನ್ನೊಂದು ಆಟ ಮೊದಲೇ ಇತ್ತು, ಅದರ ಜಾಡಿನಲ್ಲಿ ಐಬಿಎಂ ಪೀಸಿಗೆ ಮಾಡಿದ್ದು. ಆಮೇಲೆ ಅವರು ಆಟಗಳನ್ನು ಬಿಟ್ಟು ಗಣಿತದ ಕಡೆ ಹೋದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಪ್ರೊಫೆಸರ್ ಆದರು. ಇದು ತಿಳಿದ ಮೇಲೆ ಆಟದ ಒಂದು ನಿಯಮ ನನಗೆ ಬೇರೆ ಥರ ಕಾಣತೊಡಗಿತು. ಇದರಲ್ಲಿ ಹಾರಿಸಿದ ಪ್ರತಿ ಗುಂಡಿಗೂ ಒಂದು ಅಂಕ ಕಡಿತ! ಸುಮ್ನೆ ಟಪಟಪ ಅಂತ ಒತ್ತುತ್ತಾ ಕೂತರೆ ಗಳಿಸಿದ್ದೆಲ್ಲ ಖರ್ಚು. ಲೆಕ್ಕದ ಮೇಷ್ಟ್ರು ಆಗಲೇ ಒಳಗೆ ಕೂತಿದ್ದರು ಅಂತ ನನ್ನ ಊಹೆ. ಅಣ್ಣನ ಮಗಳಿಗೆ ಆಡಲು ಕೊಟ್ಟೆ. "ಚಿಕ್ಕಪ್ಪಾ, ಗುಂಡಿಗೂ ದುಡ್ಡು ಕೊಡ್ಬೇಕಾ?" ಅಂದಳು. ಅವಳ ಕಾಲದ ಆಟಗಳಲ್ಲಿ ದುಡ್ಡು ನಿಜವಾಗಿಯೂ ಹೋಗುತ್ತದೆ, ಅದೂ ಅವಳಪ್ಪನದು.

ಆದರೆ ನನ್ನ ಆಟ ಅಂದರೆ ಆಲಿ ಕ್ಯಾಟ್. ಒಂದು ಕಪ್ಪು ಬೆಕ್ಕು. ಬೇಲಿ ಹತ್ತುತ್ತದೆ, ಕಸದ ಡಬ್ಬಿ ಮೇಲೆ ಹಾರುತ್ತದೆ, ಬಟ್ಟೆ ಒಣಹಾಕಿದ ಹಗ್ಗಕ್ಕೆ ಜೋತು ಬೀಳುತ್ತದೆ. ಕಿಟಕಿಗಳಿಂದ ಜನ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾರೆ. ತೆರೆದ ಕಿಟಕಿ ನೋಡಿ ಒಳಗೆ ನುಗ್ಗಬೇಕು. ಒಂದು ಕೋಣೆಯಲ್ಲಿ ಮೀನಿನ ಬುಂಡೆ. ಅದರೊಳಗೆ ಧುಮುಕಿದರೆ ಮೀನು ತಿನ್ನಬಹುದು, ಜೊತೆಗೆ ಶಾಕ್ ಹೊಡೆಯುವ ಈಲ್ ಮೀನುಗಳೂ ಇವೆ. ಇನ್ನೊಂದರಲ್ಲಿ ತೂತು ತೂತಾದ ದೊಡ್ಡ ಚೀಸ್, ಒಳಗೆ ಇಲಿಗಳು. ಮತ್ತೊಂದರಲ್ಲಿ ಸಾಲಾಗಿ ಮಲಗಿದ ನಾಯಿಗಳು, ಅವು ಏಳುವ ಮೊದಲು ಬಟ್ಟಲು ಖಾಲಿ ಮಾಡಬೇಕು.

ಇವೆಲ್ಲದರ ನಡುವೆ ಒಂದು ಪೊರಕೆ. ಹಿಡಿದವರು ಯಾರೂ ಕಾಣುವುದಿಲ್ಲ, ತಾನೇ ಓಡಾಡುತ್ತದೆ. ಬೆಕ್ಕನ್ನು ಅಟ್ಟಿಸಿಕೊಂಡು ಬರುತ್ತದೆ, ಆದರೆ ನೆಲದ ಮೇಲೆ ಬೆಕ್ಕಿನ ಹೆಜ್ಜೆ ಗುರುತು ಕಂಡರೆ ಅದಕ್ಕೆ ತಡೆಯಲಾಗುವುದಿಲ್ಲ. ಮೊದಲು ಅದನ್ನು ಗುಡಿಸಬೇಕು! ಹಾಗಾಗಿ ಬೆಕ್ಕು ನೆಲವನ್ನು ಬೇಕಂತಲೇ ಗಲೀಜು ಮಾಡುತ್ತಾ ಓಡಾಡಿದರೆ ಸಮಯ ಸಿಗುತ್ತದೆ. ಇದನ್ನು ಯೋಚಿಸಿದವರು ನಮ್ಮ ಅಜ್ಜಿಯಂಥವರ ಮನೆಯಲ್ಲಿ ಬೆಳೆದಿರಬೇಕು. ಇಷ್ಟೆಲ್ಲ ನಡೆಯುವುದು ಸಿಜಿಎ ಅನ್ನುವ ಆ ಕಾಲದ ಬಣ್ಣದ ಪರದೆಯಲ್ಲಿ. ಒಂದು ಸಲಕ್ಕೆ ನಾಲ್ಕೇ ಬಣ್ಣ: ಕಪ್ಪು, ಬಿಳಿ, ತಿಳಿನೀಲಿ, ಮತ್ತೆ ಕಣ್ಣಿಗೆ ಹೊಡೆಯುವ ಆ ನೇರಳೆ ಗುಲಾಬಿ. ನಮ್ಮ ಕ್ಲಾಸಿನ ಮಾನಿಟರಿಗೆ ಅಷ್ಟೂ ಇರಲಿಲ್ಲ. ಕಪ್ಪು ಬಿಳುಪು. ಹಾಗಾಗಿ ಇದರ ಬಣ್ಣವನ್ನು ನಾನು ಸರಿಯಾಗಿ ನೋಡಿದ್ದೇ ಈಚೆಗೆ. ಕಪ್ಪು ಬಿಳುಪೇ ಚೆನ್ನಾಗಿತ್ತು.

ಆಟವನ್ನು ಬೇರೊಬ್ಬರು ಶುರು ಮಾಡಿ ಬಿಟ್ಟಿದ್ದರು, ಬಿಲ್ ವಿಲಿಯಮ್ಸ್ ಕೈಗೆತ್ತಿಕೊಂಡು ಪೂರ್ತಿ ಮಾಡಿದರು. 1983ರಲ್ಲಿ ಅಟಾರಿ ಕಂಪ್ಯೂಟರಿಗೆ, ಮರುವರ್ಷ ಐಬಿಎಂ ಪೀಸಿಗೆ ಬಂತು. ವಿಲಿಯಮ್ಸ್‌ಗೆ ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್ ಇತ್ತು. ಶ್ವಾಸಕೋಶವನ್ನು ಹಣಿಯುವ ಕಾಯಿಲೆ. ಬಹಳ ದಿನ ಬದುಕುವ ಭರವಸೆ ಯಾರಿಗೂ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಆಟ ಮಾಡುವ ಕೆಲಸವನ್ನೇ ಬಿಟ್ಟು, ಧರ್ಮಶಾಸ್ತ್ರ ಓದಲು ಹೋದರು. 1998ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಆ ಬೆಕ್ಕಿಗೆ ಅಷ್ಟು ಜೀವ ಇರುವುದನ್ನು ನೋಡಿ ಇದಕ್ಕೂ ಅದಕ್ಕೂ ಗಂಟು ಹಾಕಬೇಕು ಅನ್ನಿಸುತ್ತದೆ. ಹಾಕುವುದಿಲ್ಲ. ಅವರಿಗೆ ಸುಮ್ನೆ ಬೆಕ್ಕುಗಳು ಇಷ್ಟ ಇದ್ದಿರಲೂಬಹುದು.

ಡಿಗ್ಗರ್ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಕೆನಡಾದ ವಿಂಡ್‌ಮಿಲ್ ಸಾಫ್ಟ್‌ವೇರ್ 1983ರಲ್ಲಿ ಮಾಡಿದ್ದು. ಸುರಂಗ ಕೊರೆಯುತ್ತಾ ಪಚ್ಚೆ ಹೆಕ್ಕಬೇಕು, ಚಿನ್ನದ ಚೀಲವನ್ನು ಶತ್ರುಗಳ ತಲೆ ಮೇಲೆ ಬೀಳಿಸಬೇಕು. ಆ ಕಾಲದ ಹಲವು ಆಟಗಳ ತೊಂದರೆ ಅಂದರೆ ವೇಗ. ಮೊದಲ ಐಬಿಎಂ ಪೀಸಿ 4.77 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಅವನ್ನು ಆ ನಡಿಗೆಗೆ ಹೊಂದಿಸಿ ಬರೆದಿದ್ದರು. ವೇಗದ ಯಂತ್ರ ಬಂದಾಗ ಶತ್ರುಗಳು ಹುಚ್ಚು ಹಿಡಿದ ಹಾಗೆ ಓಡಿದವು, ನಾವು ಕೀ ಮೇಲೆ ಬೆರಳಿಡುವಷ್ಟರಲ್ಲಿ ಇದ್ದ ಜೀವವೆಲ್ಲ ಹೋಗಿರುತ್ತಿತ್ತು. ಡಿಗ್ಗರ್ ಮಟ್ಟಿಗೆ, ಆಮೇಲೆ ಆಂಡ್ರ್ಯೂ ಜೆನ್ನರ್ ಅನ್ನುವವರು ಮೂಲ ಪ್ರೋಗ್ರಾಮನ್ನು ಬಿಚ್ಚಿ ನೋಡಿ, ಸಿ ಭಾಷೆಯಲ್ಲಿ ಮತ್ತೆ ಬರೆದು, ಹೊಸ ಯಂತ್ರಗಳಲ್ಲೂ ಸರಿಯಾಗಿ ಓಡುವ ಹಾಗೆ ಮಾಡಿದರು. ಬೇರೆ ಆಟಗಳಿಗೆ ಡಾಸ್‌ಬಾಕ್ಸ್ ಇದೆ, ಹೊಸ ಕಂಪ್ಯೂಟರಿನೊಳಗೆ ಹಳೇ ಕಂಪ್ಯೂಟರಿನ ವೇಷ ಹಾಕುವ ಪ್ರೋಗ್ರಾಮ್. ಅದರಲ್ಲಿ ಕಂಟ್ರೋಲ್ ಹಿಡಿದು ಎಫ್ 11 ಒತ್ತುತ್ತಾ ಹೋದರೆ ಕಂಪ್ಯೂಟರ್ ನಿಧಾನವಾಗುತ್ತದೆ. ಸಾಲ ಮಾಡಿ ವೇಗದ ಲ್ಯಾಪ್‌ಟಾಪ್ ತಗೊಂಡು, ಅದನ್ನು ನಿಧಾನ ಮಾಡುತ್ತಾ ಕೂರುವ ಗಂಡನನ್ನು ಹೆಂಡತಿ ಹೇಗೆ ನೋಡುತ್ತಾಳೆ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಸ್ಕೈರೋಡ್ಸ್ ಇವಕ್ಕಿಂತ ಹತ್ತು ವರ್ಷ ಚಿಕ್ಕದು. 1993. ಬಾಹ್ಯಾಕಾಶದಲ್ಲಿ ತೇಲುವ ರಸ್ತೆ, ಅದರ ಮೇಲೆ ಒಂದು ಪುಟ್ಟ ನೌಕೆ. ಹಾರಬೇಕು, ಗುದ್ದಬಾರದು, ಇಂಧನವೂ ಆಮ್ಲಜನಕವೂ ಮುಗಿಯುವ ಮೊದಲು ತಲುಪಬೇಕು. ಮಾಡಿದ್ದು ಬ್ಲೂಮೂನ್ ಅನ್ನುವ ಎಸ್ಟೋನಿಯಾದ ಗೆಳೆಯರ ಗುಂಪು. ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡು ಆ ದೇಶಕ್ಕೆ ಆಗಿನ್ನೂ ಎರಡು ವರ್ಷ. ಇದೇ ಗೆಳೆಯರು, ಆಹ್ತಿ ಹೈನ್ಲಾ, ಪ್ರೀಟ್ ಕಸೆಸಾಲು, ಯಾನ್ ಟಾಲಿನ್, ಮುಂದೆ 2003ರಲ್ಲಿ ಬಂದ ಸ್ಕೈಪ್‌ನ ಪ್ರೋಗ್ರಾಮ್ ಬರೆದರು. ಹೌದು, ಅದೇ ಸ್ಕೈಪ್. ಮೈಸೂರಿನಲ್ಲಿ ಕೂತ ಅಮ್ಮ ಕ್ಯಾಲಿಫೋರ್ನಿಯಾದ ಮಗನಿಗೆ "ಕೇಳಿಸ್ತಿದ್ಯಾ? ನೀನು ಕಾಣಿಸ್ತಿಲ್ಲ ಕಣೋ" ಅಂತ ಕೂಗುತ್ತಿದ್ದ ಸ್ಕೈಪ್. 2025ರ ಮೇ ತಿಂಗಳಲ್ಲಿ ಅದನ್ನು ಮುಚ್ಚಿದರು. ಸ್ಕೈರೋಡ್ಸ್ ಇನ್ನೂ ಇದೆ, ಮಾಡಿದವರೇ ಪುಕ್ಕಟೆ ಕೊಟ್ಟುಬಿಟ್ಟಿದ್ದಾರೆ. ಒಟ್ಟು ಮೂವತ್ತು ರಸ್ತೆ. ನನ್ನ ನೌಕೆ ಕೊನೆಯ ಕೆಲವನ್ನು ಇನ್ನೂ ನೋಡಿಲ್ಲ, ಯಾರಾದರೂ ದಾಟಿದ್ದರೆ ಉಪಾಯ ಹೇಳಿ.