ಚನ್ನಪಟ್ಟಣದ ಬೊಂಬೆಗಳ ಕುರಿತು ಸ್ಪಷ್ಟನೆ

'ಚನ್ನಪಟ್ಟಣ ಬೊಂಬೆಗಳ ಜಿಐ ಹಕ್ಕು ಈಗ ಒಂದೇ ಕಂಪನಿಯದ್ದು, ಸಣ್ಣ ಕಾರ್ಖಾನೆಗಳ ಬೊಂಬೆಗಳೆಲ್ಲ ನಕಲಿ' ಎಂಬ ವಾಟ್ಸ್ಆ್ಯಪ್ ಸಂದೇಶ ತಪ್ಪು. ಜಿಐ ಅಂದರೆ ಭೌಗೋಳಿಕ ಸೂಚಕ, ಒಂದು ಊರಿನ ಹೆಸರಿನ ಸರಕಿಗೆ ಕಾನೂನು ಕೊಡುವ ಗುರುತು. ಅದು ಒಂದು ಪ್ರದೇಶದ ಕಸುಬಿಗೆ ಸೇರಿದ್ದು; ಭೌಗೋಳಿಕ ಸೂಚಕಗಳ 1999ರ ಕಾಯ್ದೆಯ 24ನೇ ಕಲಮಿನ ಪ್ರಕಾರ ಅದನ್ನು ಯಾರಿಗೂ ಮಾರುವಂತಿಲ್ಲ, ಅಡವಿಡುವಂತಿಲ್ಲ, ಪರವಾನಗಿಯ ಮೇಲೆ ಕೊಡುವಂತೆಯೂ ಇಲ್ಲ. ಕುಶಲಕರ್ಮಿಗಳಿಂದ ಕೊಂಡು ಮಾರುವ ಸಾಮಾಜಿಕ ಉದ್ಯಮಗಳು ಹೊಸ ವಿನ್ಯಾಸ, ಹೊಸ ಮಾರುಕಟ್ಟೆ ತರಬಹುದು. ಆದರೆ ಆ ಹೆಸರಿನ ಒಡೆತನ ಅವುಗಳಿಗೆ ಬರುವುದಿಲ್ಲ. ಹಾಲೆ ಮರವನ್ನು ಲೇತಿನಲ್ಲಿ ತಿರುಗಿಸಿ, ಬಣ್ಣದ ಅರಗನ್ನು ಒತ್ತಿ ಹಿಡಿದು, ಘರ್ಷಣೆಯ ಬಿಸಿಗೆ ಅದು ಕರಗಿ ಮರಕ್ಕೆ ಹತ್ತುವಂತೆ ಮಾಡುವುದು ಈ ಕಸುಬಿನ ವಿಧಾನ; ಸಣ್ಣ ಕಾರ್ಖಾನೆಯಲ್ಲಿ ಮಾಡಿದ್ದು ಎಂಬ ಕಾರಣಕ್ಕೇ ಬೊಂಬೆ ನಕಲಿಯಾಗುವುದಿಲ್ಲ. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ, ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿನಲ್ಲಿ ಈ ಸ್ಪಷ್ಟನೆಯನ್ನೂ ಹಾಕಿ.